ತಿಳಿಯಾದ ನೀರೆಲ್ಲ ಶುದ್ಧ ಅಲ್ಲ

ಕಾಲುವೆಗೆ ಹೊಸ ನೀರು ಬಂತೆಂದರೆ ಸಿರುಗುಪ್ಪ, ಕುರುಗೋಡು ಕಡೆಯ ಮನೆಗಳಲ್ಲಿ ಪಟಿಕದ ತುಂಡು ಹೊರಬರುತ್ತದೆ. ಕೊಡದ ಕೆಂಪು ನೀರಲ್ಲಿ ತಿರುವಿದರೆ ಸ್ವಲ್ಪ ಹೊತ್ತಿಗೆ ಮಣ್ಣು ತಳ ಸೇರುತ್ತದೆ. ‘ನೀರು ಚೊಕ್ಕ ಆಯ್ತು’ ಅಂತ ಕುಡಿಯುತ್ತೇವೆ. ಮೋಸ ಹೋಗುವುದು ಇಲ್ಲೇ.

ಪಟಿಕ ಮಣ್ಣು ಇಳಿಸುತ್ತದೆ, ವಾಂತಿಭೇದಿ ತರುವ ರೋಗಾಣುಗಳನ್ನೆಲ್ಲ ತೆಗೆಯುವುದಿಲ್ಲ. ಸುಣ್ಣ, ಅಡುಗೆ ಸೋಡಾ ನೀರಿನ ಹುಳಿ ಗುಣ ತಗ್ಗಿಸುತ್ತವೆ, ಅಷ್ಟೇ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಬೋರ್‌ವೆಲ್ ನೀರಿನ ಫ್ಲೋರೈಡ್ ಹೋಗುವುದಿಲ್ಲ. ಬ್ಲೀಚಿಂಗ್ ಪುಡಿಯ ಚೀಲ ಬಾಯಿ ಬಿಚ್ಚಿಟ್ಟರೆ ಅದರ ಸತ್ವವೇ ಹಾರಿಹೋಗುತ್ತದೆ; ಅದು ಕೊಡಕ್ಕೆ ಚಿಟಿಕೆ ಲೆಕ್ಕದಲ್ಲಿ ಹಾಕುವ ಉಪ್ಪೂ ಅಲ್ಲ.

ಬಳ್ಳಾರಿ ನಗರಕ್ಕೆ ಅಲ್ಲೀಪುರ ಕೆರೆ ನೀರು ಶುದ್ಧೀಕರಣ ಘಟಕ ದಾಟಿ ಬರುತ್ತದೆ. ಹಳ್ಳಿ ಹೆಣ್ಣುಮಕ್ಕಳಿಗೆ ಮಾತ್ರ ಪಟಿಕದ ತುಂಡೇ ಘಟಕವೇ?

ಕ್ಲೋರಿನ್ ಹಾಕಿದ ನೀರಾದರೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನೀರು ಪರೀಕ್ಷಿಸಲು ಪ್ರತಿ ಹಳ್ಳಿಯ 5 ಮಹಿಳೆಯರಿಗೆ ತರಬೇತಿ ಕೊಡಬೇಕೆನ್ನುತ್ತದೆ ಜಲ ಜೀವನ್ ಮಿಷನ್. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಕಿಟ್ ಎಲ್ಲಿದೆ? ಟ್ಯಾಂಕ್ ತೊಳೆದದ್ದು ಯಾವಾಗ? ಕ್ಲೋರಿನ್ ಎಷ್ಟಿತ್ತು?

ಉತ್ತರ ಬರುವವರೆಗೆ ಕಾಲುವೆ ನೀರನ್ನು ತಿಳಿಗೊಳಿಸಿ, ಸೋಸಿ, ಕುದಿಸಿಯೇ ಕುಡಿಯಿರಿ. ಆದರೆ ಕೇಳುವುದನ್ನು ಬಿಡಬೇಡಿ. ಪಂಚಾಯಿತಿ ಮಾಡಬೇಕಾದ ಕೆಲಸವನ್ನು ಪಟಿಕ ಮಾಡಲಾರದು.