ಚಂದಾ ಎತ್ತುವ ಮೊದಲೇ ಒಂದು ಪರೀಕ್ಷೆ

ಜುಮಾ ನಮಾಝ್ ಮುಗಿದು ಹೊರಗೆ ಬರುವಾಗ ಮಸೀದಿಯ ಬಾಗಿಲಲ್ಲಿ ಟವೆಲ್ ಹಿಡಿದು ನಿಂತವರನ್ನು ನಾವೆಲ್ಲ ನೋಡಿದ್ದೇವೆ. ಎರಡೂ ಕಿಡ್ನಿ ಫೇಲ್ ಆಗಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್, ಮನೆಯಲ್ಲಿ ದುಡಿಯುವವರಿಲ್ಲ ಎಂದು ಇಮಾಮ್ ಸಾಹೇಬರು ಮೈಕಿನಲ್ಲಿ ಹೇಳುತ್ತಾರೆ. ಐವತ್ತೋ ನೂರೋ ಹಾಕಿ, ದುಆ ಮಾಡಿ ಮನೆಗೆ ಹೋಗುತ್ತೇವೆ. ಕೊಡುವ ಕೈಯನ್ನು ನಾನು ದೂರುವುದಿಲ್ಲ. ಆದರೆ ಆ ಚಂದಾ ಹತ್ತು ವರ್ಷ ತಡವಾಗಿ ಎತ್ತಿದ್ದು ಎಂಬುದು ನನ್ನ ದೂರು.

ನಾನು ವೈದ್ಯನಲ್ಲ. ಹರಿಹರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ರಕ್ತ, ಮೂತ್ರ ಪರೀಕ್ಷೆ ಮಾಡಿಕೊಂಡೇ ತಲೆ ನರೆಸಿಕೊಂಡವನು. ಕ್ರಿಯಾಟಿನಿನ್ ಆರು, ಏಳು ಬಂದಿರುವ ವರದಿಯನ್ನು ಕೈಗೆ ಕೊಟ್ಟಾಗ ಜನ ಕೇಳುವ ಪ್ರಶ್ನೆ ಒಂದೇ: "ನೋವೇ ಇರಲಿಲ್ಲವಲ್ಲ ಭಾಯ್?"

ನೋವು ಇರುವುದಿಲ್ಲ. ಈ ಕಾಯಿಲೆಯ ದೊಡ್ಡ ಮೋಸವೇ ಅದು. ಕಲ್ಲು ಬಂದರೆ ನೋಯುತ್ತದೆ, ಸೋಂಕಾದರೆ ಉರಿಯುತ್ತದೆ. ಆದರೆ ಸಕ್ಕರೆ ಕಾಯಿಲೆ, ಬಿಪಿಯಿಂದ ನಿಧಾನವಾಗಿ ಕೆಡುವ ಕಿಡ್ನಿ ಸದ್ದು ಮಾಡದೆ ಕೆಡುತ್ತದೆ. ಮುಷ್ಟಿ ಗಾತ್ರದ ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬೇಕಾದದ್ದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಹತ್ತು ಜನ ದುಡಿಯುವ ಮಂಡಕ್ಕಿ ಭಟ್ಟಿಯಲ್ಲಿ ಮೂವರು ಬಿಟ್ಟುಹೋದರೆ ಏನಾಗುತ್ತದೆ? ಉಳಿದ ಏಳು ಜನ ಅಷ್ಟೇ ಮಾಲು ಕೊಡುತ್ತಾರೆ, ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ಆದರೆ ಹೆಚ್ಚಿನ ಹೊರೆಗೆ ಅವರೂ ಒಬ್ಬೊಬ್ಬರಾಗಿ ಬೀಳುತ್ತಾರೆ. ಜರಡಿಗಳದ್ದೂ ಇದೇ ಕಥೆ. ಸತ್ತ ಜರಡಿ ಮತ್ತೆ ಹುಟ್ಟುವುದಿಲ್ಲ, ಅಲ್ಲಿ ಗಾಯದ ಕಲೆ ಉಳಿಯುತ್ತದೆ. ಅರ್ಧದಷ್ಟು ಶಕ್ತಿ ಹೋಗುವವರೆಗೂ ರಕ್ತದ ಕ್ರಿಯಾಟಿನಿನ್ ಅಷ್ಟಾಗಿ ಏರದೆ ಇರಬಹುದು.

ಭಟ್ಟಿಯ ಮಾತು ಸುಮ್ಮನೆ ತೆಗೆಯಲಿಲ್ಲ. ದಾವಣಗೆರೆಯ ಮಂಡಕ್ಕಿ ನಾಡಿಗೆಲ್ಲ ಗೊತ್ತು. ಅದನ್ನು ಹುರಿಯುವ ಕೈಗಳಲ್ಲಿ ನಮ್ಮವರದ್ದೇ ಬಹಳ. ಬೆಳಗಿನ ಜಾವದಿಂದ ಕಾದ ಮರಳಿನ ಮುಂದೆ ನಿಂತು ಬೆವರು ಹರಿಸುವವರು ನೀರು ಕುಡಿಯುವುದು ಕಡಿಮೆ, ಚಹಾ ಕುಡಿಯುವುದು ಜಾಸ್ತಿ. ಸಂಜೆಗೆ ಸೊಂಟ ಹಿಡಿದರೆ ಮೆಡಿಕಲ್ ಶಾಪಿನಲ್ಲಿ ಎರಡು ನೋವಿನ ಮಾತ್ರೆ. ಇಲ್ಲಿ ಸ್ವಲ್ಪ ನಿಲ್ಲಿ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ತನ್ನ ರಕ್ತನಾಳವನ್ನು ಹಿಗ್ಗಿಸಿಕೊಂಡು ಹೇಗೋ ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಜಾತಿಯ ಮಾತ್ರೆಗಳು ಆ ದಾರಿಯನ್ನೇ ಮುಚ್ಚುತ್ತವೆ. ಒಂದು ದಿನ ನುಂಗಿದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗದು. ಬಿಪಿ, ಸಕ್ಕರೆ ಇರುವವರು ತಿಂಗಳುಗಟ್ಟಲೆ ನುಂಗುವುದು ಬೇರೆ ಮಾತು. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯೇ ಇಲ್ಲದ ಪ್ರಾಯದ ಕೂಲಿಗಳಿಗೆ ಕಿಡ್ನಿ ಹೋಗಿದೆ. ಬಿಸಿಲಿನ ದುಡಿಮೆ ಮತ್ತು ನೀರಿನ ಕೊರತೆಯ ಮೇಲೆ ತಜ್ಞರಿಗೆ ಬಲವಾದ ಅನುಮಾನವಿದೆ. ಭಟ್ಟಿಯ ಬೆಂಕಿ ಆ ಬಿಸಿಲಿಗಿಂತ ತಂಪೇನಲ್ಲ.

ನನ್ನ ಸ್ವಂತ ಮಾಮುವಿಗೆ ಹದಿನೈದು ವರ್ಷ ಸಕ್ಕರೆ ಕಾಯಿಲೆ ಇತ್ತು. ಮಂಡಿ ನೋವಿಗೆ ಎರಡು ವರ್ಷ ಅಂಗಡಿಯ ಮಾತ್ರೆ ತಿಂದರು. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದರು, ವಯಸ್ಸು ಎಂದೆವು. ಸುಸ್ತು ಎಂದರು, ರಕ್ತ ಕಡಿಮೆಯಿದೆ ಎಂದು ಒಂದು ವರ್ಷ ಟಾನಿಕ್ ಕುಡಿಸಿದೆವು. ರಕ್ತ ತಯಾರಿಸು ಎಂದು ಮೂಳೆಯ ಮಜ್ಜೆಗೆ ಹೇಳುವ ಹಾರ್ಮೋನು ಬರುವುದೇ ಕಿಡ್ನಿಯಿಂದ, ಅದು ನಿಂತರೆ ಬರೀ ಟಾನಿಕ್‌ನಿಂದ ರಕ್ತ ಏರುವುದಿಲ್ಲ. ಇದು ಗೊತ್ತಿರಬೇಕಾಗಿದ್ದ ನಾನೇ ಟಾನಿಕ್ ತಂದುಕೊಟ್ಟಿದ್ದೆ. ಕೊನೆಗೆ ವುಝೂ ಮಾಡುವಾಗ ಪಾದ ಉಜ್ಜಿದರೆ ಕುಳಿ ಬೀಳತೊಡಗಿತು. ಆಗ ಪರೀಕ್ಷೆ ಮಾಡಿದೆ. ಕ್ರಿಯಾಟಿನಿನ್ 6.4. ಮೂರು ವರ್ಷ ಡಯಾಲಿಸಿಸ್ ನಡೆಯಿತು, ಆಮೇಲೆ ಅವರೇ ಇಲ್ಲ.

ಕಿಡ್ನಿ ಕೆಟ್ಟರೆ ಮೂತ್ರ ನಿಲ್ಲುತ್ತದೆ ಎಂದಷ್ಟೇ ಜನ ತಿಳಿದಿದ್ದಾರೆ. ಎಷ್ಟೋ ರೋಗಿಗಳಿಗೆ ಮೂತ್ರ ಕೊನೆಯವರೆಗೂ ಬರುತ್ತದೆ, ಅದರಲ್ಲಿ ಕಶ್ಮಲ ಹೋಗುವುದಿಲ್ಲ ಅಷ್ಟೆ. ಉಪ್ಪು ನೀರು ಉಳಿದು ಬಿಪಿ ಏರುತ್ತದೆ, ಆ ಬಿಪಿ ಉಳಿದ ಜರಡಿಗಳನ್ನೂ ತಿನ್ನುತ್ತದೆ. ವಿಟಮಿನ್ ಡಿ ಕೆಲಸಕ್ಕೆ ಬಾರದೆ ಮೂಳೆ ಸವೆಯುತ್ತದೆ. ಮೈ ತುರಿಸುತ್ತದೆ, ಊಟ ಸೇರದು, ಬಾಯಿ ಕಹಿ. ಪೊಟ್ಯಾಸಿಯಂ ಏರಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ಈ ರೋಗಿಗಳಲ್ಲಿ ಅನೇಕರು ಡಯಾಲಿಸಿಸ್‌ವರೆಗೂ ಬರುವುದಿಲ್ಲ, ಅದಕ್ಕೂ ಮೊದಲೇ ಹೃದಯಾಘಾತದಿಂದ ಹೋಗುತ್ತಾರೆ.

ಇದನ್ನೆಲ್ಲ ಮೊದಲೇ ಹಿಡಿಯುವುದು ಕಷ್ಟವೇ? ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದರು. ಅವರ ಕಾಲದ ಪರೀಕ್ಷೆ ಇಷ್ಟೇ: ಚಮಚದಲ್ಲಿ ಮೂತ್ರ ಹಾಕಿ ಮೇಣದಬತ್ತಿಯ ಮೇಲೆ ಕಾಯಿಸುವುದು. ಮೊಟ್ಟೆಯ ಬಿಳಿ ಹೆಪ್ಪುಗಟ್ಟಿದಂತೆ ಆದರೆ ಪ್ರೋಟೀನ್ ಸೋರುತ್ತಿದೆ ಎಂದರ್ಥ. ಇನ್ನೂರು ವರ್ಷ ಹತ್ತಿರ ಬಂದರೂ ಮೊದಲ ಸುಳಿವು ಅದೇ, ಮೂತ್ರದಲ್ಲಿ ಸೋರುವ ಆಲ್ಬುಮಿನ್. ಈಗ ಚಮಚ ಬೇಡ, ಲ್ಯಾಬಿಗೆ ಬೆಳಗಿನ ಮೊದಲ ಮೂತ್ರ ಕೊಟ್ಟರೆ ಸಾಕು. ಜೊತೆಗೆ ರಕ್ತದ ಕ್ರಿಯಾಟಿನಿನ್. ಅದರಲ್ಲೂ ಬರೀ ಅಂಕಿ ನೋಡಿ ನಾರ್ಮಲ್ ಎಂದು ಹೊರಡಬೇಡಿ. 1.3 ಎಂಬ ಅದೇ ಅಂಕಿ 25ರ ಹುಡುಗನಲ್ಲಿ ಕಿಡ್ನಿಯ ಸೋಸುವ ವೇಗ 78ರ ಆಸುಪಾಸು ಇದೆ ಎನ್ನುತ್ತದೆ, 65ರ ಅಮ್ಮನಲ್ಲಿ ಸುಮಾರು 45 ಎನ್ನುತ್ತದೆ. ಆ ವೇಗ ಮೂರು ತಿಂಗಳಾದರೂ 60ಕ್ಕಿಂತ ಕೆಳಗೇ ಉಳಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ, 15ಕ್ಕಿಂತ ಕೆಳಗೆ ಇಳಿದರೆ ಕೊನೆಯ ಹಂತ. ವರದಿಯಲ್ಲಿ ಇ-ಜಿಎಫ್‌ಆರ್ ಎಂದು ಬರೆದಿರುತ್ತದೆ, ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ. ಬಿಪಿ, ಸಕ್ಕರೆ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಈ ಎರಡು ಪರೀಕ್ಷೆ ಬೇಕು. ಬೇಗ ಸಿಕ್ಕರೆ ಬಿಪಿ, ಸಕ್ಕರೆ ಹಿಡಿತಕ್ಕೆ ತಂದು, ಸರಿಯಾದ ಮಾತ್ರೆ ಕೊಟ್ಟು ಕಾಯಿಲೆಯ ವೇಗವನ್ನು ಎಷ್ಟೋ ವರ್ಷ ತಗ್ಗಿಸಬಹುದು.

ಡಯಾಲಿಸಿಸ್ ಸರ್ಕಾರದಲ್ಲಿ ಉಚಿತವಲ್ಲವೇ ಎನ್ನುವವರಿದ್ದಾರೆ. ಹೌದು, 2016ರಲ್ಲಿ ಬಂದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಿಂದ ಬಡವರಿಗೆ ದೊಡ್ಡ ಉಪಕಾರವಾಗಿದೆ. ಆದರೆ ಯಂತ್ರದ ಮುಂದೆ ನಾಲ್ಕು ಗಂಟೆ, ಹೋಗಿಬರುವ ದಾರಿ, ಜೊತೆಗೆ ಬರುವ ಮಗನ ಕೂಲಿ, ಆ ದಿನವೆಲ್ಲ ಸುಸ್ತು, ಇದು ವಾರಕ್ಕೆ ಎರಡು ಮೂರು ಸಲ, ಬದುಕಿರುವವರೆಗೆ. ಅದಕ್ಕೆ ಉಚಿತ ಎಂಬ ಮಾತು ಸಲ್ಲದು.

ಉಪ್ಪಿನ ವಿಷಯ ನಮ್ಮೂರಿನಲ್ಲಿ ಹೇಳಿದರೆ ನಗುತ್ತಾರೆ. ಮಿರ್ಚಿ, ಖಾರ ಮಂಡಕ್ಕಿ, ಉಪ್ಪಿನಕಾಯಿ ಬಿಟ್ಟು ದಾವಣಗೆರೆಯ ಸಂಜೆ ಹೇಗೆ? ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಿಡ್ನಿ ಕಾಯಿಲೆ ಇರುವವರು ಲೋ ಸೋಡಿಯಂ ಉಪ್ಪು ತರಬೇಡಿ, ಅದರಲ್ಲಿರುವುದು ಪೊಟ್ಯಾಸಿಯಂ. ಹಾಗೆಯೇ ಬಿಂದಿಗೆ ನೀರು ಕುಡಿದರೆ ಕೆಟ್ಟ ಕಿಡ್ನಿ ತೊಳೆದುಹೋಗುತ್ತದೆ ಎಂಬುದೂ ಸುಳ್ಳು. ಭಟ್ಟಿಯಲ್ಲಿ ದುಡಿಯುವ ಆರೋಗ್ಯವಂತರು ಧಾರಾಳ ಕುಡಿಯಲಿ, ಕಾಲು ಊದಿದ ರೋಗಿಗೆ ಎಷ್ಟು ನೀರು ಎಂಬುದನ್ನು ವೈದ್ಯರೇ ಹೇಳಬೇಕು.

ರಮಝಾನಿನಲ್ಲಿ ನಮ್ಮ ಹಿರಿಯರು ಹಟ ಹಿಡಿಯುತ್ತಾರೆ, ಯಾರಿಗೂ ಹೇಳದೆ ಉಪವಾಸ ಹಿಡಿದು ಬಿಪಿ ಮಾತ್ರೆ ಬಿಡುತ್ತಾರೆ. ರೋಗಿಗೆ ಕುರ್‌ಆನ್ ಕೊಟ್ಟಿರುವ ರಿಯಾಯಿತಿಯನ್ನು ಬೇಡವೆನ್ನಲು ನಾವು ಯಾರು? ರಮಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕೇಳಿ, ಆಲಿಮರನ್ನೂ ಕೇಳಿ.

ನಮ್ಮ ಜಮಾಅತ್‌ಗಳ ಮುಂದೆ ನನ್ನದೊಂದು ಕೋರಿಕೆ ಇದೆ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತವಾಗಿ ಇದ್ದೇ ಇದೆ, ಕೇಳಿಕೊಂಡರೆ ಸಿಬ್ಬಂದಿ ಮೊಹಲ್ಲಾಕ್ಕೂ ಬರಬಹುದು. ಬಿಪಿ, ಸಕ್ಕರೆ ಹೆಚ್ಚು ಸಿಕ್ಕವರ ಈ ಎರಡು ಪರೀಕ್ಷೆಯ ಖರ್ಚನ್ನು ಜಮಾಅತ್ ಹೊರಲಿ. ಒಬ್ಬ ಡಯಾಲಿಸಿಸ್ ರೋಗಿಗೆ ಎತ್ತುವ ಒಂದು ತಿಂಗಳ ಚಂದಾದಲ್ಲಿ ಒಂದು ಗಲ್ಲಿಯ ಎಷ್ಟೋ ಜನರ ಪರೀಕ್ಷೆ ಆಗುತ್ತದೆ. ಜುಮಾ ಮುಗಿದ ಮೇಲೆ ಇಟ್ಟರೆ ಗಂಡಸರು ಮಾತ್ರ ಬರುತ್ತಾರೆ. ಹೆಂಗಸರಿಗೆ ಬೇರೊಂದು ದಿನ, ಮಧ್ಯಾಹ್ನ ಅಡಿಗೆ ಕೆಲಸ ಮುಗಿದ ಮೇಲೆ ಮದ್ರಸದ ಕೋಣೆಯಲ್ಲಿ, ನರ್ಸ್ ಹೆಂಗಸೇ ಇರುವಂತೆ ನೋಡಿಕೊಂಡು ಇಡಿ. ಮೂತ್ರದ ಡಬ್ಬಿಯನ್ನು ಹಿಂದಿನ ರಾತ್ರಿಯೇ ಮನೆಮನೆಗೆ ಕೊಟ್ಟು ಬೆಳಿಗ್ಗೆ ವಾಪಸ್ ತರಿಸಿ. ಅದನ್ನು ಹಿಡಿದು ಬೀದಿಯಲ್ಲಿ ಬರಲು ನಮ್ಮ ಹೆಂಗಸರು ನಾಚುತ್ತಾರೆ ಎಂಬುದು ಲ್ಯಾಬಿನಲ್ಲಿ ಕುಳಿತ ನನಗೆ ಚೆನ್ನಾಗಿ ಗೊತ್ತು.