ಅಲಗಿನ ಬುಡದ ತಕ್ಕಡಿ

ಫಸ್ಟ್ ಇಯರ್ ಫಿಟ್ಟಿಂಗ್ ಲ್ಯಾಬ್‌ನಲ್ಲಿ ಜಾಬ್ ಮೇಲೆ ಯುಎಸ್‌ಎನ್ ಪಂಚ್ ಮಾಡಿದ್ದು ನೆನಪಿದೆಯಾ? ಯಾವ ಜಾಬ್ ಯಾರದ್ದು ಅಂತ ಗೊತ್ತಾಗ್ಲಿ ಅಂತ. ನಾಝಿ ಕಾಲದ ಜರ್ಮನ್ ಕಠಾರಿಗಳ ಮೇಲೂ ಇಂಥದೇ ಗುರುತು ಇರುತ್ತೆ. ಹಿಡಿ ಮುಗಿದು ಅಲಗು ಶುರುವಾಗೋ ಕಡೆ, ಉಗುರಿನಷ್ಟು ಜಾಗದಲ್ಲಿ. ಕಳೆದ ಸೆಮ್‌ನಿಂದ ನನಗೆ ಈ ಗುರುತು ಓದೋ ಹುಚ್ಚು ಹತ್ತಿದೆ. ಕಠಾರಿ ಕೊಳ್ಳೋಕೆ ದುಡ್ಡಿಲ್ಲ, ಫೋಟೋದಲ್ಲೇ ತೃಪ್ತಿ.

ಹೆಚ್ಚಿನವು ಸೋಲಿಂಗೆನ್‌ನವು. ಶತಮಾನಗಳಿಂದ ಕತ್ತಿ, ಚಾಕು, ಕತ್ತರಿ ಮಾಡ್ತಾ ಬಂದಿರೋ ಊರು. ಕಾರ್ಲ್ ಐಕ್‌ಹಾರ್ನ್ ಕಂಪನಿಯ ಗುರುತು ಅಳಿಲು. ಜರ್ಮನ್‌ನಲ್ಲಿ ಅಳಿಲಿನ ಹೆಸರು ಹೆಚ್ಚೂಕಮ್ಮಿ ಹಾಗೇ ಕೇಳುತ್ತೆ. ಆ ಅಳಿಲಿನ ಭಂಗಿ ಕಾಲಕಾಲಕ್ಕೆ ಬದಲಾಗಿದೆ, ಹಾಗಾಗಿ ಅದನ್ನು ನೋಡಿಯೇ ಕಠಾರಿಯ ವಯಸ್ಸು ಅಂದಾಜು ಮಾಡಬಹುದು. ಡಬ್ಲ್ಯೂಕೆಸಿಯದು ಶಿರಸ್ತ್ರಾಣ ತೊಟ್ಟ ಯೋಧನ ತಲೆ. ನಾಝಿ ಪಕ್ಷದ ಎಸ್‌ಎ ಪಡೆಯ ಕಠಾರಿಗಳಲ್ಲಿ ಆಮೇಲೆ ಕೋಡ್ ಬಂತು: ಆರ್‌ಝಡ್‌ಎಂ ಎಂ7/66 ಅಂದ್ರೆ ಅದೇ ಐಕ್‌ಹಾರ್ನ್. ಥೇಟ್ ಪಾರ್ಟ್ ನಂಬರ್!

ನನ್ನ ತಕರಾರು ಇರೋದು ಇಲ್ಲಿ. ಎಷ್ಟೋ ಸಂಗ್ರಾಹಕರಿಗೆ ಗುರುತು ಅಂದ್ರೆ ಎರಡೇ ಪ್ರಶ್ನೆ. ಅಸಲಿಯಾ? ರೇಟ್ ಎಷ್ಟು? ಮೊದಲನೆಯದಕ್ಕೂ ಗುರುತೊಂದೇ ಸಾಲದು. ಆಸಿಡ್‌ನಲ್ಲಿ ಎಚ್ ಮಾಡಿ ಅಳಿಲು ಮೂಡಿಸೋದು ನಮ್ಮ ನಿಮ್ಮಂಥವರಿಗೂ ಕಷ್ಟ ಅಲ್ಲ. ಹಿಡಿ, ಒರೆ, ಅಲಗಿನ ಫಿನಿಶ್ ಎಲ್ಲ ಒಂದೇ ಕಂಪನಿಯ, ಒಂದೇ ಕಾಲದ ಕೆಲಸ ಹೌದಾ ಅಂತ ನೋಡಬೇಕು.

ಮೂರನೇ ಪ್ರಶ್ನೆ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಒಂದು ರಾತ್ರಿ ಸೇನಾಧಿಕಾರಿಯ ಕಠಾರಿಯ ಫೋಟೋದಲ್ಲಿ ಪುಟ್ಟ ತಕ್ಕಡಿ ಕಾಣಿಸ್ತು, ಜೊತೆಗೆ ‘ಆಲ್ಕೊಸೊ’ ಅನ್ನೋ ಹೆಸರು. ಅಲೆಕ್ಸಾಂಡರ್, ಕೊಪೆಲ್, ಸೋಲಿಂಗೆನ್, ಮೂರರ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು ಅದು. ಕೊಪೆಲ್ ಮನೆತನದವರು ಯಹೂದಿಗಳು. ನಾಝಿ ಆಡಳಿತದಲ್ಲಿ ಕಂಪನಿ ಅವರ ಕೈತಪ್ಪಿ ಹೋಯಿತು. ಆ ಮನೆತನದ ಅಲೆಕ್ಸಾಂಡರ್ ಕೊಪೆಲ್ ಅವರನ್ನು 1942ರಲ್ಲಿ ಥೆರೆಸಿಯನ್‌ಸ್ಟಾಟ್‌ಗೆ ಸಾಗಿಸಿದರು. ಅದೇ ವರ್ಷ ಅವರು ಅಲ್ಲೇ ತೀರಿಕೊಂಡರು. ಹಿಟ್ಲರನ ಅಧಿಕಾರಿಗಳು ಸೊಂಟಕ್ಕೆ ಕಟ್ಟಿಕೊಂಡ ಕಠಾರಿಯಲ್ಲಿ ಆ ಹೆಸರಿತ್ತು.

ನಾನು ನೋಡಿದ ಮಾರಾಟದ ವಿವರದಲ್ಲಿ ಇದ್ದದ್ದು ಇಷ್ಟೇ: ತಕ್ಕಡಿ ಗುರುತು, ಒರೆ ಸಮೇತ, ಒಳ್ಳೆ ಸ್ಥಿತಿ.

ಸಂಗ್ರಹಿಸಬೇಡಿ ಅಂತ ನಾನು ಹೇಳ್ತಿಲ್ಲ. ಗುರುತು ಗುರುತಿಸೋಕೆ ಅಷ್ಟು ತಲೆ ಓಡಿಸ್ತೀವಿ, ರೇಟ್ ಪಕ್ಕದಲ್ಲಿ ಕೊಪೆಲ್ ಯಾರು ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ? ನನ್ನ ನೋಟ್‌ಬುಕ್‌ನಲ್ಲಿ ಅಳಿಲು ಮೂರು ಪುಟ ತಿಂದಿತ್ತು. ತಕ್ಕಡಿಗೆ ಈಗ ನಾಲ್ಕನೇ ಪುಟ ನಡೀತಿದೆ.