ಅರ್ಜಿಯ ಮೇಲೆಯೇ ಷರಾ ಬರೆಯುವುದೇಕೆ?

ಪತ್ರಿಕೋದ್ಯಮ ಓದಿದವರಿಗೆ ವೆಬ್ ಸರ್ವರಿನ ಒಳಗುಟ್ಟು ಯಾಕೆ ಬೇಕು ಅಂತ ಕೇಳುವ ಗೆಳೆಯರಿದ್ದಾರೆ. ಊರಿನ ಮಂದಿ ರೇಷನ್ ಅಂಗಡಿಯ ತೂಕದ ಬಗ್ಗೆ, ಪಂಚಾಯಿತಿ ಕಾಮಗಾರಿಯ ಬಿಲ್ಲಿನ ಬಗ್ಗೆ ನಮ್ಮಂಥವರಿಗೆ ಸುಳಿವು ಕೊಡುವುದು ಈಗ ಆನ್‌ಲೈನ್ ಫಾರ್ಮಿನಲ್ಲಿ. ಆ ಸುಳಿವು ಸರ್ವರಿನೊಳಗೆ ಎಲ್ಲೆಲ್ಲಿ ಓಡಾಡುತ್ತದೆ ಎಂದು ಗೊತ್ತಿಲ್ಲದೆ ‘ನಿಮ್ಮ ಹೆಸರು ಹೊರಗೆ ಬಿಡುವುದಿಲ್ಲ’ ಎಂದು ಮಾತು ಕೊಡುವುದು ಹೇಗೆ?

ಈಗ ನಮ್ಮ ತಕರಾರಿಗೆ ಬರೋಣ. ಸ್ವಂತ ಹ್ಯಾಂಡ್ಲರ್ ಬರೆಯುವವರು ರಿಕ್ವೆಸ್ಟ್ ಆಬ್ಜೆಕ್ಟನ್ನು ಸಬ್‌ಕ್ಲಾಸ್ ಮಾಡಿ, ದೂರುದಾರರ ಫೋನು, ತಾಲ್ಲೂಕು, ವರದಿಗಾರರ ಹೆಸರು ಎಲ್ಲವನ್ನೂ ಅದಕ್ಕೇ ಅಂಟಿಸುತ್ತಾರೆ. ಇದು ಬೇಡ.

ಪೈಥಾನ್ ಜೊತೆಗೇ ಬರುವ ‘ಎಚ್‌ಟಿಟಿಪಿ.ಸರ್ವರ್’ ಮಾಡ್ಯೂಲ್ ನೋಡಿ. (ಸಾರ್ವಜನಿಕ ತಾಣಕ್ಕೆ ಇದನ್ನು ಬಳಸಬೇಡಿ ಎಂದು ಅದರ ಕೈಪಿಡಿಯೇ ಹೇಳುತ್ತದೆ, ಆದರೂ ಕಲಿಯುವವರೆಲ್ಲ ಶುರು ಮಾಡುವುದು ಇಲ್ಲಿಂದಲೇ.) ಇಲ್ಲಿ ರಿಕ್ವೆಸ್ಟೂ ಹ್ಯಾಂಡ್ಲರೂ ಒಂದೇ ಆಬ್ಜೆಕ್ಟ್. ಸಬ್‌ಕ್ಲಾಸ್ ಮಾಡದೆ ಗತಿಯಿಲ್ಲ: ‘ಡು_ಗೆಟ್’, ‘ಡು_ಪೋಸ್ಟ್’ ನಾವೇ ಬರೆಯಬೇಕು. ಸರಿ. ಆದರೆ ‘ಇನಿಟ್’ನಲ್ಲಿ ಮೊದಲು ‘ಸೂಪರ್’ ಕರೆದು, ಆಮೇಲೆ ನಮ್ಮ ಗುಣಗಳನ್ನು ಸೇರಿಸೋಣ ಎಂದು ಹೊರಟರೆ, ಆ ಸಾಲು ಓಡುವ ಹೊತ್ತಿಗೆ ರಿಕ್ವೆಸ್ಟಿಗೆ ಉತ್ತರ ಹೋಗಿಯೇ ಆಗಿರುತ್ತದೆ. ಮೂಲ ಕ್ಲಾಸಿನ ‘ಇನಿಟ್’ ಒಳಗೇ ಇಡೀ ಕೆಲಸ ನಡೆಯುತ್ತದೆ. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಇದಾದರೂ ತಕ್ಷಣ ಗೊತ್ತಾಗುವ ತೊಂದರೆ. ಗೊತ್ತಾಗದೇ ಇರುವುದು ಇನ್ನೊಂದಿದೆ. ಹ್ಯಾಂಡ್ಲರ್ ಆಬ್ಜೆಕ್ಟ್ ಹುಟ್ಟುವುದು ಒಂದೊಂದು ಸಂಪರ್ಕಕ್ಕೆ, ಒಂದೊಂದು ರಿಕ್ವೆಸ್ಟಿಗಲ್ಲ. ಡಿಫಾಲ್ಟ್ ಆದ ಎಚ್‌ಟಿಟಿಪಿ 1.0 ಇರುವಷ್ಟು ದಿನ ಎರಡೂ ಒಂದೇ; ಒಂದು ಉತ್ತರ ಕೊಟ್ಟು ಬಾಗಿಲು ಹಾಕುತ್ತದೆ. ವೇಗಕ್ಕೆಂದು ಯಾರೋ 1.1 ಎಂದು ಬದಲಿಸಿದರೆ ಅದೇ ಸಂಪರ್ಕದಲ್ಲಿ ರಿಕ್ವೆಸ್ಟುಗಳು ಒಂದರ ಹಿಂದೊಂದು ಬರುತ್ತವೆ, ಆಬ್ಜೆಕ್ಟ್ ಮಾತ್ರ ಹಳೆಯದೇ. ಮುಂದೆ ಎಂಜಿನ್‌ಎಕ್ಸ್ ಕೂರಿಸಿ, ಅದು ಸಂಪರ್ಕಗಳನ್ನು ತೆರೆದಿಟ್ಟು ಮರುಬಳಕೆ ಮಾಡುವಂತೆ ಇಟ್ಟಿದ್ದರೆ, ಒಂದೇ ಸಂಪರ್ಕದಲ್ಲಿ ಬೇರೆ ಬೇರೆ ಜನ ಬರುತ್ತಾರೆ. ಮೊದಲು ಬಂದವರ ನಂಬರು ‘ಸೆಲ್ಫ್.ಫೋನ್’ನಲ್ಲಿ ಉಳಿದಿದೆ, ನಂತರ ಬಂದವರು ಫೋನಿನ ಖಾನೆ ಖಾಲಿ ಬಿಟ್ಟರು. ಎರಡನೆಯ ದೂರಿಗೆ ಮೊದಲನೆಯವರ ನಂಬರು ಅಂಟಿಕೊಳ್ಳುತ್ತದೆ. ಪರೀಕ್ಷೆಯ ವೇಳೆ ಒಬ್ಬರೇ ಕೂತು ಒತ್ತಿ ನೋಡಿದರೆ ಇದು ಕಾಣುವುದೇ ಇಲ್ಲ.

ಕಚೇರಿ ಕಡತ ನೋಡಿದವರಿಗೆ ಇದು ಹೊಸದಲ್ಲ. ಅರ್ಜಿ ಬೇರೆ, ಟಿಪ್ಪಣಿ ಹಾಳೆ ಬೇರೆ. ಅರ್ಜಿಯ ಅಂಚಿನಲ್ಲೇ ಷರಾ ಗೀಚುವ ಸಾಹೇಬರು ಇದ್ದೇ ಇದ್ದಾರೆ, ಆದರೆ ಅರ್ಜಿಯ ಜೆರಾಕ್ಸ್ ಹೋದಲ್ಲೆಲ್ಲ ಆ ಷರಾವೂ ಹೋಗುತ್ತದೆ. ಫ್ಲಾಸ್ಕ್‌ನಲ್ಲಿ ‘ರಿಕ್ವೆಸ್ಟ್_ಕ್ಲಾಸ್’ ಬದಲಿಸುವ ಅವಕಾಶವೂ ಇದೆ, ನಮ್ಮ ಮಾತಿಗೆಂದೇ ‘ಜಿ’ ಎಂಬ ಪ್ರತ್ಯೇಕ ಜಾಗವೂ ಇದೆ. ಆ ‘ಜಿ’ಯೇ ಟಿಪ್ಪಣಿ ಹಾಳೆ. ಪೈಥಾನಿನ ಸರ್ವರಿಗೂ ಆ್ಯಪಿಗೂ ನಡುವಿನ ಒಪ್ಪಂದ, 2003ರ ಪಿಇಪಿ 333, ಇನ್ನೂ ಕಟ್ಟುನಿಟ್ಟು: ಸರ್ವರ್ ದಾಟಿಸುವ ‘ಎನ್ವಿರಾನ್’ ಸಾದಾ ಡಿಕ್ಷನರಿಯೇ ಆಗಿರಬೇಕು, ಅದರ ಸಬ್‌ಕ್ಲಾಸ್ ಕೂಡ ನಡೆಯದು. 2010ರ ಪಿಇಪಿ 3333ರಲ್ಲೂ ಆ ಷರತ್ತು ಹಾಗೇ ಉಳಿಯಿತು.

‘ಜಾಂಗೋ ತಾನೇ ರಿಕ್ವೆಸ್ಟಿಗೆ ಯೂಸರ್ ಅಂಟಿಸುವುದಿಲ್ಲವೇ?’ ಎನ್ನಬಹುದು. ಅಂಟಿಸುತ್ತದೆ, ಅನುಕೂಲವೂ ಹೌದು. ಆದರೆ ಅದು ಎಲ್ಲರಿಗೂ ಗೊತ್ತಿರುವ ಒಂದು ಹೆಸರು. ನಮ್ಮ ತಂಡದ ಒಬ್ಬರು ರಾತ್ರಿ ಕೂತು ಸೇರಿಸಿದ ಏಳನೆಯ ಗುಣ ಉಳಿದವರಿಗೆ ಹೇಗೆ ತಿಳಿಯಬೇಕು?

ಸಬ್‌ಕ್ಲಾಸ್ ಸಲ್ಲುವ ಜಾಗಗಳೂ ಇವೆ. ಗಿಜಿಪ್ ಆಗಿ ಬಂದ ಬಾಡಿಯನ್ನು ಬಿಡಿಸಿ ಓದುವುದು ರಿಕ್ವೆಸ್ಟಿನದೇ ಕೆಲಸ, ಅಲ್ಲಿ ಮಾಡಿ. ‘ಲಾಗ್_ಮೆಸೇಜ್’ ಅಂತೂ ಬದಲಿಸಲೇಬೇಕು ಎನ್ನುತ್ತೇವೆ: ಏನೂ ಮಾಡದೆ ಬಿಟ್ಟರೆ ಬಂದವರ ಐಪಿ ವಿಳಾಸವನ್ನು ಅದು ಪ್ರತಿ ಸಲವೂ ಬರೆದಿಡುತ್ತದೆ. ಸುಳಿವಿನ ಫಾರ್ಮ್ ನಡೆಸುವ ಗೆಳೆಯರು ಇವತ್ತೇ ತಮ್ಮ ಲಾಗ್ ತೆರೆದು ಮೊದಲ ಕಾಲಂ ನೋಡಲಿ.